ಅಂಕಣದ ಬಿರುಕಿಗೆ ಬಣ್ಣ ಹೊಡೆದರೆ ಸಾಕೇ?

ಪ್ರಶ್ನೆ: ನಮ್ಮ ಟೆನಿಸ್ ಅಂಕಣದ ಡಾಂಬರು ಉದ್ದಕ್ಕೂ ಬಿರುಕು ಬಿಟ್ಟಿದೆ, ಅಲ್ಲಲ್ಲಿ ತಗ್ಗೂ ಬಿದ್ದಿದೆ. ಎರಡು ಕೋಟ್ ಬಣ್ಣ ದಪ್ಪವಾಗಿ ಹೊಡೆಸಿದರೆ ಸರಿಹೋಗುತ್ತದೆಯೇ?

ಇಲ್ಲ. ಇದೇ ಉತ್ತರವನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಈ ನಂಬಿಕೆಗೆ ದುಡ್ಡು ಸುರಿಯುವವರು ಇನ್ನೂ ಇದ್ದಾರಲ್ಲ, ಮತ್ತೊಮ್ಮೆ ಬಿಡಿಸಿ ಹೇಳುತ್ತೇನೆ.

ಅಕ್ರಿಲಿಕ್ ಬಣ್ಣದ ಒಂದು ಪದರ 1 ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಕಾಲಿಗೆ ಹಿಡಿತ ಕೊಡುವುದು, ಡಾಂಬರನ್ನು ಬಿಸಿಲಿನಿಂದ ಕಾಯುವುದು ಅದರ ಕೆಲಸ. ಬಿರುಕು ಹುಟ್ಟುವುದು ಅದರ ಕೆಳಗೆ. ವಯಸ್ಸಾದಂತೆ ಡಾಂಬರು ಗಡುಸಾಗಿ ಕುಗ್ಗುತ್ತದೆ, ಅಡಿಪಾಯಕ್ಕೆ ನೀರಿಳಿದು ಮಣ್ಣು ಸಡಿಲವಾಗುತ್ತದೆ, ಪಕ್ಕದ ಮರದ ಬೇರು ಕೆಳಗಿನಿಂದ ಎತ್ತುತ್ತದೆ. ಹುಟ್ಟಿದ ಬಿರುಕು ಸುಮ್ಮನಿರುವುದೂ ಇಲ್ಲ: ಚಳಿಗೆ ಬಾಯಿ ಅಗಲಿಸುತ್ತದೆ, ಬಿಸಿಲಿಗೆ ಕಿರಿದಾಗುತ್ತದೆ. ಅನುಮಾನವಿದ್ದರೆ ಅದರ ಆಚೆ ಈಚೆ ಒಂದೊಂದು ಸಣ್ಣ ಮೊಳೆ ಹೊಡೆದು, ನಡುವಿನ ಅಂತರವನ್ನು ಬೇಸಿಗೆಯಲ್ಲೊಮ್ಮೆ ಚಳಿಗಾಲದಲ್ಲೊಮ್ಮೆ ಅಳೆಯಿರಿ. ಹೀಗೆ ಆಡುವ ಬಾಯಿಯ ಮೇಲೆ ಬಣ್ಣದ ತೆಳು ಪೊರೆ ಹರಿಯದೆ ಉಳಿದೀತೇ? ಬರೀ ಸಿಮೆಂಟ್ ಮೆತ್ತಿದರೂ ಅಷ್ಟೇ, ಬಗ್ಗಲಾರದೆ ಅಂಚಿನಿಂದ ಬಿಟ್ಟುಕೊಳ್ಳುತ್ತದೆ. ಹಳೆಯದರ ಮೇಲೆ ಹೊಸ ಡಾಂಬರು ಹಾಸಿದರೂ ಕ್ರಮೇಣ ಅದೇ ಗೆರೆಯಲ್ಲಿ ಬಿರುಕು ಮೇಲೆದ್ದು ಬರುತ್ತದೆ.

ಒಳಗಿನ ಹುಲ್ಲು, ಮಣ್ಣು ಕಿತ್ತು, ಚೆನ್ನಾಗಿ ಒಣಗಿಸಿ ಅಕ್ರಿಲಿಕ್ ಫಿಲ್ಲರ್ ತುಂಬಿಸಿ. ಅದರ ಮೇಲೆ ಬಿರುಕಿನ ಎರಡೂ ಬದಿಗೆ ಚಾಚುವಂತೆ ಹಿಗ್ಗುವ ಬಟ್ಟೆಯ ಪಟ್ಟಿ ಹಾಕಿಸಿ. ಬಣ್ಣ ಆಮೇಲೆ. ಬಿರುಕು ಆಡಿದಾಗ ಆ ಎಳೆತವನ್ನು ಪಟ್ಟಿ ತಾಳಿಕೊಳ್ಳುತ್ತದೆ. ಅಡಿಪಾಯವೇ ಕುಸಿದಿದ್ದರೆ ಮಾತ್ರ ಅಗೆದು ಹೊಸದಾಗಿ ಕಟ್ಟಬೇಕು.

ತಗ್ಗು ಹುಡುಕಲು ಅಂಕಣಕ್ಕೆಲ್ಲ ನೀರು ಬಿಟ್ಟು, ಬಿಸಿಲಿದ್ದ ದಿನ ಒಂದು ಗಂಟೆ ಬಿಟ್ಟು ಬನ್ನಿ. ನೀರು ನಿಂತಲ್ಲಿ ನಾಣ್ಯ ಮಲಗಿಸಿ. ಮುಳುಗಿದರೆ ಸುತ್ತ ಸೀಮೆಸುಣ್ಣದ ಗೆರೆ ಎಳೆದು, ಒಣಗಿದ ಮೇಲೆ ಅಕ್ರಿಲಿಕ್ ಅಂಟು, ಮರಳು, ಸಿಮೆಂಟ್ ಕಲಸಿದ ಮಿಶ್ರಣವನ್ನು ನೇರ ಪಟ್ಟಿಯಿಂದ ಎಳೆದು ತುಂಬಿಸಿ. ತಗ್ಗು ಆಳವಿದ್ದರೆ ಒಂದೇ ಸಲ ಸುರಿಯಬೇಡಿ, ಪದರ ಪದರವಾಗಿ ಹಾಕಿ.

ಹಾಗಾದರೆ ಅಂಕಣ ಪೂರ್ತಿ ಮಟ್ಟವಾಗಿರಬೇಕೇ? ಇದನ್ನು ನೀವು ಕೇಳಿಲ್ಲ, ಕೇಳಬೇಕಿತ್ತು. ಮಟ್ಟವಾಗಿದ್ದರೆ ನೀರು ಹರಿಯುವುದೇ ಇಲ್ಲ. 100ಕ್ಕೆ 1ರಷ್ಟು ಇಳಿಜಾರು ಬೇಕು, ಅಂದರೆ ಸುಮಾರು 18 ಮೀಟರ್ ಅಗಲಕ್ಕೆ 18 ಸೆಂಟಿಮೀಟರ್. ಅದೂ ಒಂದು ಬದಿಯಿಂದ ಇನ್ನೊಂದು ಬದಿಗೆ, ಒಂದೇ ಹಲಗೆ ವಾಲಿಸಿಟ್ಟಂತೆ. ನೆಟ್ ಹತ್ತಿರ ಎತ್ತರಿಸಿ ಎರಡೂ ಕಡೆ ಇಳಿಸಿದ ಅಂಕಣದಲ್ಲಿ ಹಿಂದಿನ ಗೆರೆಯಲ್ಲಿ ನಿಂತವನಿಗೆ ನೆಟ್ ಇರಬೇಕಾದ್ದಕ್ಕಿಂತ ಎತ್ತರದಲ್ಲಿರುತ್ತದೆ.