ಆಳಸಮುದ್ರದ ಗಣಿಗಾರಿಕೆ ಮತ್ತು ಟ್ರಾಲಿಂಗ್: ವಯಸ್ಸಿನ ಲೆಕ್ಕ ಹಿಡಿದು ಓದೋಣ

ಈ ವಿಷಯ ಓದಲು ಕೂತರೆ ಒಪ್ಪಂದಗಳು, ಸಂಸ್ಥೆಗಳು, ಇಸವಿಗಳು ಒಂದರ ಮೇಲೊಂದು ಬಂದು ಬೀಳುತ್ತವೆ. ಅವನ್ನೆಲ್ಲ ಸುಮ್ನೆ ಬಾಯಿಪಾಠ ಮಾಡಿದರೆ ಎರಡೇ ದಿನದಲ್ಲಿ ಮರೆತುಹೋಗುತ್ತದೆ. ಅದರ ಬದಲು ಒಂದು ಪ್ರಶ್ನೆಯನ್ನು ಜೊತೆಗೆ ಇಟ್ಟುಕೊಂಡು ಓದಿ: ಇಲ್ಲಿ ಹಾಳಾದದ್ದು ಮತ್ತೆ ಬೆಳೆಯಲು ಎಷ್ಟು ಕಾಲ ಬೇಕು? ಯಾವ ಕಾನೂನು ಸಾಕು, ಯಾವುದು ಸಾಲದು ಅನ್ನುವುದನ್ನು ಈ ಪ್ರಶ್ನೆಯಿಂದಲೇ ಅಳೆಯಬಹುದು.

ಅಲ್ಲಿ ಎಲ್ಲವೂ ಯಾಕೆ ಇಷ್ಟು ನಿಧಾನ?

ಸಮುದ್ರದ ಮೇಲ್ಮೈಯಿಂದ 200 ಮೀಟರ್‌ಗಿಂತ ಕೆಳಗಿನದ್ದನ್ನೆಲ್ಲ ಆಳಸಮುದ್ರ ಎನ್ನುತ್ತಾರೆ. ಸಾಗರಗಳ ಸರಾಸರಿ ಆಳವೇ ಸುಮಾರು 3,700 ಮೀಟರ್. ಹಾಗಾಗಿ ಭೂಮಿಯ ಹೆಚ್ಚಿನ ಭಾಗ ಆಳಸಮುದ್ರವೇ. ಅಲ್ಲಿ ಗಿಡ, ಪಾಚಿ ಬೆಳೆಯುವಷ್ಟು ಬೆಳಕಿಲ್ಲ. ಮೇಲಿನ ನೀರಿನಲ್ಲಿ ಸತ್ತ ಜೀವಿಗಳ ಚೂರು, ಮಲ, ಲೋಳೆ ಇವೆಲ್ಲ ನಿಧಾನವಾಗಿ ಕೆಳಗೆ ಉದುರುತ್ತವೆ. ಕೆಳಗಿನ ಬಹುತೇಕ ಜೀವಿಗಳಿಗೆ ಅದೇ ಊಟ. ದಾರಿಯಲ್ಲೇ ಬೇರೆ ಜೀವಿಗಳು ಅದನ್ನು ತಿಂದುಬಿಡುವುದರಿಂದ ತಳ ಮುಟ್ಟುವುದು ತೀರಾ ಸ್ವಲ್ಪ. ಊಟ ಕಡಿಮೆ, ನೀರು ತಣ್ಣಗೆ. ಹೀಗಿರುವಾಗ ಬೆಳವಣಿಗೆ, ಸಂತಾನ, ಸಾವು ಎಲ್ಲವೂ ನಿಧಾನ.

ಎಷ್ಟು ನಿಧಾನ ಅಂದರೆ, ಕ್ಯಾಲಿಫೋರ್ನಿಯಾದ ಮಾಂಟೆರೆ ಕಣಿವೆಯಲ್ಲಿ ಸುಮಾರು 1,400 ಮೀಟರ್ ಆಳದಲ್ಲಿ ಒಂದು ಹೆಣ್ಣು ಆಕ್ಟೋಪಸ್ 53 ತಿಂಗಳು ಒಂದೇ ಬಂಡೆಯ ಮೇಲೆ ಮೊಟ್ಟೆ ಕಾಯುತ್ತಾ ಕೂತಿತ್ತು. 2007ರಿಂದ 2011ರವರೆಗೆ ವಿಜ್ಞಾನಿಗಳು ಅದೇ ಜಾಗಕ್ಕೆ ಮತ್ತೆ ಮತ್ತೆ ಯಂತ್ರ ಇಳಿಸಿ ನೋಡಿದ್ದಾರೆ. ಹವಾಯಿ ಹತ್ತಿರದ ಒಂದು ಕಪ್ಪು ಹವಳದ ವಯಸ್ಸು 4,265 ವರ್ಷ ಎಂದು ಲೆಕ್ಕ ಸಿಕ್ಕಿದೆ. ಒಂದೇ ಜೀವ, ನಾಲ್ಕು ಸಾವಿರ ವರ್ಷ! ಬಯಲಿನಂಥ ತಳದಲ್ಲಿ ಹೂಳು ಕೂಡ ಸಾವಿರ ವರ್ಷಕ್ಕೆ ಕೆಲವೇ ಮಿಲಿಮೀಟರ್ ಶೇಖರವಾಗುತ್ತದೆ.

ಮುಂದೆ ಓದುವಾಗ ಈ ಅಂಕಿಗಳನ್ನು ಮರೆಯಬೇಡಿ.

ಟ್ರಾಲ್ ಬಲೆ

ಗಣಿಗಾರಿಕೆ ಬಗ್ಗೆ ಸುದ್ದಿ ಜಾಸ್ತಿ. ಆದರೆ ಇವತ್ತಿನವರೆಗೆ ಆಳಸಮುದ್ರದ ತಳಕ್ಕೆ ಹೆಚ್ಚು ಪೆಟ್ಟು ಕೊಟ್ಟಿರುವುದು ಮೀನುಗಾರಿಕೆಯೇ. ವಾಣಿಜ್ಯ ಮಟ್ಟದ ಆಳಸಮುದ್ರ ಗಣಿಗಾರಿಕೆ ಇನ್ನೂ ನೆಲೆ ನಿಂತಿಲ್ಲ. ತಳದ ಟ್ರಾಲಿಂಗ್ ದಶಕಗಳಿಂದ ನಡೆಯುತ್ತಿದೆ. ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಇವೆರಡನ್ನೂ ಒಂದೇ ಹಂತದ ಅಪಾಯ ಎಂಬಂತೆ ಬರೆಯಬೇಡಿ. ಒಂದು ಆಗುತ್ತಿರುವುದು, ಇನ್ನೊಂದು ಬಾಗಿಲಲ್ಲಿ ನಿಂತಿರುವುದು.

ತಳದ ಟ್ರಾಲಿಂಗ್‌ನಲ್ಲಿ ಭಾರವಾದ ದೊಡ್ಡ ಬಲೆಯನ್ನು ಸಮುದ್ರತಳದ ಮೇಲೆ ಎಳೆದುಕೊಂಡು ಹೋಗುತ್ತಾರೆ. ಬಲೆಯ ಬಾಯಿ ತೆರೆದಿರಲಿ ಎಂದು ಎರಡೂ ಕಡೆ ಉಕ್ಕಿನ ಹಲಗೆಗಳಿರುತ್ತವೆ. ಬಂಡೆಗೆ ಸಿಕ್ಕಿಕೊಳ್ಳದಿರಲಿ ಎಂದು ಬಲೆಯ ಕೆಳ ಅಂಚಿಗೆ ಉರುಳುವ ಗಾಲಿಗಳಿರುತ್ತವೆ. ಆಳದಲ್ಲಿ ಇದು ಹೆಚ್ಚಾಗಿ ಹೋಗುವುದು ಸಾಗರದಡಿಯ ಬೆಟ್ಟಗಳ ಮೇಲೆ. ಯಾಕೆಂದರೆ ಅಲ್ಲಿ ನೀರಿನ ಹರಿವು ಬೆಟ್ಟಕ್ಕೆ ತಾಗಿ ಆಹಾರ ಸೇರುತ್ತದೆ, ಮೀನು ಗುಂಪುಗೂಡುತ್ತದೆ. ಹವಳ, ಸ್ಪಂಜುಗಳು ಬೆಳೆಯುವುದೂ ಅದೇ ಕಾರಣಕ್ಕೆ, ಅದೇ ಜಾಗದಲ್ಲಿ.

ಆರೆಂಜ್ ರಫಿ ಮೀನಿನ ಕಥೆಯನ್ನು ಚೆನ್ನಾಗಿ ಓದಿಕೊಳ್ಳಿ, ಇಡೀ ವಿಷಯ ಅದರಲ್ಲೇ ಇದೆ. ನ್ಯೂಜಿಲೆಂಡ್ ಸುತ್ತ 1970ರ ದಶಕದ ಕೊನೆಗೆ, ಆಮೇಲೆ ಆಸ್ಟ್ರೇಲಿಯಾದ ಕಡೆ ಇದನ್ನು ಭಾರಿ ಪ್ರಮಾಣದಲ್ಲಿ ಹಿಡಿಯತೊಡಗಿದರು. ಮೊಟ್ಟೆ ಇಡುವ ಕಾಲದಲ್ಲಿ ಬೆಟ್ಟಗಳ ಮೇಲೆ ದಟ್ಟವಾಗಿ ಸೇರುವ ಮೀನು ಇದು. ಒಮ್ಮೆ ಬಲೆ ಎಳೆದರೆ ರಾಶಿ ಸಿಗುತ್ತಿತ್ತು. ಇದರ ನಿಜವಾದ ವಯಸ್ಸು ಆಗ ಗೊತ್ತಿರಲಿಲ್ಲ. ಬೇರೆ ಮೀನುಗಳ ಅಳತೆಯಲ್ಲೇ ಎಷ್ಟು ಹಿಡಿಯಬಹುದು ಎಂಬ ಮಿತಿ ಇಟ್ಟರು. ಕಿವಿಯೊಳಗಿನ ಸಣ್ಣ ಕಲ್ಲಿನಲ್ಲಿರುವ ವರ್ಷದ ಗೆರೆಗಳನ್ನು ಎಣಿಸಿದ ಮೇಲೆ ವಿಷಯ ಬಯಲಾಯಿತು. ಈ ಮೀನು ಮರಿ ಮಾಡುವ ವಯಸ್ಸಿಗೆ ಬರಲು 20ರಿಂದ 40 ವರ್ಷ ಬೇಕು. 200 ವರ್ಷ ದಾಟಿದ ಮೀನುಗಳೂ ಇದ್ದವು. ಅಷ್ಟು ಹೊತ್ತಿಗೆ ಹಲವು ಕಡೆ ಅದರ ಸಂಖ್ಯೆ ನೆಲಕಚ್ಚಿತ್ತು. 2006ರಲ್ಲಿ ಆಸ್ಟ್ರೇಲಿಯಾ ಇದನ್ನು ರಕ್ಷಣೆ ಬೇಕಾದ ಜೀವಿಗಳ ಪಟ್ಟಿಗೆ ಸೇರಿಸಿತು.

ವರ್ಷಕ್ಕೊಮ್ಮೆ ಫಸಲು ಕೊಡುವ ಮೀನಿಗೆ ಮಾಡಿದ ಲೆಕ್ಕವನ್ನು ತಲೆಮಾರುಗಟ್ಟಲೆ ಬದುಕುವ ಮೀನಿಗೆ ಹಾಕಿದರೆ ಅದು ಮೀನುಗಾರಿಕೆ ಆಗುವುದಿಲ್ಲ. ಇದ್ದದ್ದನ್ನು ಬಗೆದು ತೆಗೆದಂತೆ, ಅಂದರೆ ಅದೂ ಗಣಿಗಾರಿಕೆಯೇ, ಅಲ್ವಾ?

ಮೀನು ಹೋದರೆ ಒಂದು ನಷ್ಟ, ಹವಳ ಹೋದರೆ ಮೀನಿನ ಮನೆಯೇ ಹೋದಂತೆ. ನ್ಯೂಜಿಲೆಂಡ್‌ನ ಪೂರ್ವಕ್ಕೆ ಚಾಥಮ್ ದಿಬ್ಬದ ಮೇಲೆ ಸಾಗರದಡಿಯ ಕೆಲವು ಸಣ್ಣ ಬೆಟ್ಟಗಳಿವೆ. ಟ್ರಾಲಿಂಗ್ ನಡೆದಿದ್ದ ಅಲ್ಲಿನ ಒಂದು ಬೆಟ್ಟವನ್ನು 2001ರಲ್ಲಿ ಮುಚ್ಚಿದರು. 2015ರವರೆಗೆ ಹಲವು ಸಲ ಕ್ಯಾಮೆರಾ ಇಳಿಸಿ ನೋಡಿದರು. ಗಟ್ಟಿ ಹವಳ ಮರಳಿ ಬೆಳೆದ ಗುರುತೇ ಸಿಗಲಿಲ್ಲ. ಮುಚ್ಚಿದ್ದು ತಪ್ಪಲ್ಲ, ಮುಚ್ಚಿದ್ದು ತಡವಾಯಿತು. ಈ ವ್ಯತ್ಯಾಸ ನನಗೆ ಬಹಳ ಮುಖ್ಯ ಅನ್ನಿಸುತ್ತದೆ.

ಈಗ ಇರುವ ನಿಯಮಗಳನ್ನು ನೋಡಿ. 2006ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ 61/105 ಸಂಖ್ಯೆಯ ನಿರ್ಣಯ ಮಾಡಿತು. ಸುಲಭವಾಗಿ ಹಾಳಾಗುವ ಹವಳ, ಸ್ಪಂಜುಗಳ ನೆಲೆಗಳನ್ನು ಗುರುತಿಸಿ, ಅಲ್ಲಿ ತಳದ ಮೀನುಗಾರಿಕೆಯಿಂದ ದೊಡ್ಡ ಹಾನಿ ಆಗದಂತೆ ತಡೆಯಿರಿ, ತಡೆಯಲಾಗದಿದ್ದರೆ ಅಲ್ಲಿ ಮೀನುಗಾರಿಕೆ ಬೇಡ ಎಂಬುದು ಅದರ ಸಾರ. 2008ರಲ್ಲಿ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) ಇದಕ್ಕೆ ಮಾರ್ಗಸೂಚಿ ಕೊಟ್ಟಿತು. ಜಾರಿ ಮಾಡಬೇಕಾದವು ಆಯಾ ಸಾಗರದ ಪ್ರಾದೇಶಿಕ ಮೀನುಗಾರಿಕೆ ಸಂಸ್ಥೆಗಳು.

ಆ ಸಂಸ್ಥೆಗಳು ಬಳಸುವ ಒಂದು ಉಪಾಯ ಹೀಗಿದೆ. ಬಲೆಯಲ್ಲಿ ಇಂತಿಷ್ಟು ಹವಳ ಅಥವಾ ಸ್ಪಂಜು ಬಂದರೆ ಹಡಗು ಅಲ್ಲಿಂದ ದೂರ ಹೋಗಬೇಕು. ಈಶಾನ್ಯ ಅಟ್ಲಾಂಟಿಕ್‌ನಲ್ಲಿ ಈ ಮಿತಿ 30 ಕಿಲೋ ಜೀವಂತ ಹವಳ ಅಥವಾ 400 ಕಿಲೋ ಸ್ಪಂಜು. ಕೇಳಲು ಸರಿಯೆನಿಸುತ್ತದೆ. ಆದರೆ ಹವಳ ಬಲೆಗೆ ಬಂದಿದೆ ಎಂದರೆ ಕೆಳಗೆ ಅದು ಆಗಲೇ ಮುರಿದಿದೆ. ಮುರಿದದ್ದರಲ್ಲೂ ಮೇಲೆ ಬರುವುದು ಸ್ವಲ್ಪವೇ, ಉಳಿದದ್ದು ಬಲೆಯ ಕಣ್ಣುಗಳಿಂದ ಜಾರಿ ಕೆಳಗೇ ಬೀಳುತ್ತದೆ. ಸಾವಿರ ವರ್ಷದ ಜೀವಿಗೆ ಇಂಥ ನಿಯಮ ರಕ್ಷಣೆ ಕೊಡಲಾರದು. ಅದಕ್ಕಿಂತ ಆಳದ ಗೆರೆ ಎಳೆಯುವುದು ಎಷ್ಟೋ ಮೇಲು. ಮೆಡಿಟರೇನಿಯನ್‌ನಲ್ಲಿ 2005ರಿಂದ 1,000 ಮೀಟರ್‌ಗಿಂತ ಕೆಳಗೆ ಟ್ರಾಲಿಂಗ್ ಇಲ್ಲ. ಯುರೋಪಿಯನ್ ಒಕ್ಕೂಟ 2016ರಲ್ಲಿ ಈಶಾನ್ಯ ಅಟ್ಲಾಂಟಿಕ್‌ನ ತನ್ನ ನೀರಿನಲ್ಲಿ 800 ಮೀಟರ್‌ಗಿಂತ ಕೆಳಗೆ ನಿಷೇಧಿಸಿತು. 2022ರಲ್ಲಿ 400 ಮೀಟರ್‌ಗಿಂತ ಆಳದ 87 ಜಾಗಗಳನ್ನು ತಳ ಮುಟ್ಟುವ ಬಲೆ, ಗಾಳಗಳಿಗೆಲ್ಲ ಮುಚ್ಚಿತು. ಇಲ್ಲಿ ಹಾನಿ ಆಗುವ ಮೊದಲೇ ಬಾಗಿಲು ಹಾಕುತ್ತಾರೆ.

ಗಣಿಗಾರಿಕೆ

ಅಗೆಯಲು ಹೊರಟಿರುವುದು ಮೂರು ಕಡೆ. ಬೆಟ್ಟಗಳ ಮೇಲಿನ ಕೋಬಾಲ್ಟ್ ಪದರ, ಬಿಸಿನೀರ ಬುಗ್ಗೆಗಳ ಸುತ್ತಲಿನ ಗಂಧಕಯುಕ್ತ ಅದಿರು, ಬಯಲು ತಳದ ಬಹುಲೋಹ ಗಂಟುಗಳು.

ಬುಗ್ಗೆಗಳನ್ನು ಮನುಷ್ಯರು ಮೊದಲು ಕಂಡದ್ದು 1977ರಲ್ಲಿ, ಗಲಾಪಗೋಸ್ ಹತ್ತಿರ, ಆಲ್ವಿನ್ ಎಂಬ ಜಲಾಂತರ ವಾಹನದಿಂದ. ಅಲ್ಲಿನ ಜೀವಲೋಕ ಬಿಸಿಲಿನ ಬದಲು ಬ್ಯಾಕ್ಟೀರಿಯಾಗಳು ರಾಸಾಯನಿಕಗಳಿಂದ ತಯಾರಿಸುವ ಆಹಾರದ ಮೇಲೆ ನಿಂತಿದೆ. ಹಿಂದೂ ಮಹಾಸಾಗರದ ಕೆಲವೇ ಬುಗ್ಗೆಗಳಲ್ಲಿ ಕಾಲಿನ ಮೇಲೆ ಕಬ್ಬಿಣದ ಸಲ್ಫೈಡ್ ಹೊದ್ದ ಚಿಪ್ಪುಗಳಿರುವ ಬಸವನಹುಳು ಇದೆ. 2019ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅದನ್ನು ಅಳಿವಿನ ಅಂಚಿನ ಜೀವಿ ಎಂದು ಪಟ್ಟಿ ಮಾಡಿತು. ಆಳಸಮುದ್ರ ಗಣಿಗಾರಿಕೆಯ ಅಪಾಯದ ಕಾರಣಕ್ಕೇ ಆ ಪಟ್ಟಿ ಸೇರಿದ ಮೊದಲ ಜೀವಿ ಅದು.

ಹೆಚ್ಚು ಪೈಪೋಟಿ ಇರುವುದು ಗಂಟುಗಳಿಗೆ. ಹವಾಯಿ ಮತ್ತು ಮೆಕ್ಸಿಕೋ ನಡುವಿನ ಕ್ಲಾರಿಯನ್-ಕ್ಲಿಪರ್ಟನ್ ವಲಯದಲ್ಲಿ 4,000ದಿಂದ 5,500 ಮೀಟರ್ ಆಳದಲ್ಲಿ ಆಲೂಗಡ್ಡೆ ಗಾತ್ರದ ಗಂಟುಗಳು ತಳದ ಮೇಲೆ ಹರಡಿ ಬಿದ್ದಿವೆ. ಮ್ಯಾಂಗನೀಸ್, ನಿಕಲ್, ತಾಮ್ರ, ಕೋಬಾಲ್ಟ್ ಇವುಗಳಲ್ಲಿವೆ. ಒಂದು ಗಂಟು ಬೆಳೆಯುವುದು ಹತ್ತು ಲಕ್ಷ ವರ್ಷಕ್ಕೆ ಕೆಲವು ಮಿಲಿಮೀಟರ್. ಮೆತ್ತನೆಯ ಕೆಸರಿನ ಆ ಬಯಲಿನಲ್ಲಿ ಅಂಟಿಕೊಂಡು ಬೆಳೆಯಬೇಕಾದ ಜೀವಿಗಳಿಗೆ ಗಟ್ಟಿ ಆಸರೆ ಎಂದರೆ ಇವೇ. ಗಂಟಿನ ಮೇಲೆ ಸ್ಪಂಜು ಬೆಳೆಯುತ್ತದೆ. ಸತ್ತ ಸ್ಪಂಜಿನ ಕಾಂಡದ ಮೇಲೆ 4,000 ಮೀಟರ್‌ಗಿಂತ ಆಳದಲ್ಲಿ ಆಕ್ಟೋಪಸ್ ಮೊಟ್ಟೆ ಇಡುತ್ತದೆ. ಗಂಟು ತೆಗೆದರೆ ಆ ಸರಪಳಿಯೇ ಹೋಯಿತು. 2023ರ ಒಂದು ಲೆಕ್ಕದ ಪ್ರಕಾರ ಈ ವಲಯದಲ್ಲಿ ಇದುವರೆಗೆ ದಾಖಲಾದ 5,578 ಜೀವಿ ಪ್ರಭೇದಗಳಲ್ಲಿ ಸುಮಾರು ಶೇ 90ರಷ್ಟಕ್ಕೆ ಇನ್ನೂ ವೈಜ್ಞಾನಿಕ ಹೆಸರೇ ಇಲ್ಲ. ಹೆಸರಿಡುವ ಮೊದಲೇ ಕಳೆದುಕೊಳ್ಳುವ ಸಾಧ್ಯತೆ ನಿಜವಾಗಿಯೂ ಇದೆ.

ಯಂತ್ರ ತಳದಲ್ಲಿ ಓಡಾಡಿ ಗಂಟುಗಳ ಜೊತೆಗೆ ಮೇಲಿನ ಕೆಲವು ಸೆಂಟಿಮೀಟರ್ ಕೆಸರನ್ನೂ ಎತ್ತುತ್ತದೆ. ಜೀವ ಹೆಚ್ಚಾಗಿರುವುದು ಆ ಪದರದಲ್ಲೇ. ಎದ್ದ ಕೆಸರು ನೀರಿನ ಹರಿವಿನಲ್ಲಿ ದೂರ ಸಾಗಿ, ನೀರು ಸೋಸಿ ತಿನ್ನುವ ಜೀವಿಗಳ ಮೇಲೆ ಕೂರುತ್ತದೆ. ಗಂಟು ಹಡಗಿಗೆ ಬಂದ ಮೇಲೆ ಉಳಿದ ಕೆಸರುನೀರನ್ನು ವಾಪಸ್ ಬಿಡುತ್ತಾರೆ. ಹಾಗಾಗಿ ನಡುನೀರಿನಲ್ಲೂ ಎರಡನೆಯ ಕೆಸರಿನ ಮೋಡ ಏಳುತ್ತದೆ. ಬಹಳ ಜನ ಈ ಎರಡನೆಯದನ್ನು ಬರೆಯುವುದೇ ಇಲ್ಲ, ನೆನಪಿಡಿ.

ಇದೆಲ್ಲ ಬರೀ ಊಹೆ ಅಲ್ಲ. 1989ರಲ್ಲಿ ಪೆರು ಜಲಾನಯನದಲ್ಲಿ ಜರ್ಮನ್ ವಿಜ್ಞಾನಿಗಳು ಡಿಸ್ಕಾಲ್ ಎಂಬ ಪ್ರಯೋಗ ಮಾಡಿದರು. 4,000 ಮೀಟರ್‌ಗೂ ಹೆಚ್ಚು ಆಳದಲ್ಲಿ 8 ಮೀಟರ್ ಅಗಲದ ನೇಗಿಲಿನಂಥ ಸಾಧನವನ್ನು ಎಳೆದು ತಳವನ್ನು ಉತ್ತರು. 26 ವರ್ಷ ಬಿಟ್ಟು 2015ರಲ್ಲಿ ಹೋಗಿ ನೋಡಿದರೆ ಸಾಲುಗಳು ಹಾಗೇ ಇದ್ದವು. ಸೂಕ್ಷ್ಮಜೀವಿಗಳ ಚಟುವಟಿಕೆ ಕೂಡ ಚೇತರಿಸಿಕೊಂಡಿರಲಿಲ್ಲ. ಅದಕ್ಕೆ 50 ವರ್ಷಕ್ಕಿಂತ ಹೆಚ್ಚು ಬೇಕಾಗಬಹುದು ಎಂದು ಅವರು ಅಂದಾಜಿಸಿದರು. ಅಲ್ಲಿ ಗಂಟುಗಳನ್ನು ಹೊರತೆಗೆದಿರಲಿಲ್ಲ, ಬರೀ ಕೆಸರಿನೊಳಗೆ ಹೂತಿದ್ದರು. ಕ್ಲಾರಿಯನ್-ಕ್ಲಿಪರ್ಟನ್‌ನಲ್ಲಿ 1979ರಲ್ಲಿ ಯಂತ್ರವೊಂದು ಪರೀಕ್ಷೆಗೆ ಓಡಾಡಿದ ಗುರುತು 44 ವರ್ಷದ ನಂತರವೂ ಸ್ಪಷ್ಟವಾಗಿತ್ತು. ಕೆಲವು ಸಣ್ಣ, ಚಲಿಸುವ ಪ್ರಾಣಿಗಳು ಮರಳಿದ್ದವು. ಒಂದೇ ಕಡೆ ಅಂಟಿ ಬದುಕುವ ದೊಡ್ಡವು ತೀರಾ ವಿರಳ. ಇವೆಲ್ಲ ಸಣ್ಣ ಪ್ರಯೋಗಗಳು. ನಿಜವಾದ ಗಣಿಗಾರಿಕೆ ವರ್ಷವರ್ಷವೂ ವಿಶಾಲ ಪ್ರದೇಶವನ್ನು ಗುಡಿಸುತ್ತಾ ಹೋಗುತ್ತದೆ.

ಗಣಿಗಾರಿಕೆ ಪರವಾದ ವಾದವನ್ನೂ ನ್ಯಾಯವಾಗಿ ಓದಬೇಕು. ವಿದ್ಯುತ್ ವಾಹನಗಳ ಬ್ಯಾಟರಿಗೆ ನಿಕಲ್, ಕೋಬಾಲ್ಟ್ ಬೇಕು, ನೆಲದ ಗಣಿಗಳಿಂದ ಕಾಡು ನಾಶವಾಗುತ್ತಿದೆ, ಜನರಿಗೂ ತೊಂದರೆ ಎನ್ನುತ್ತಾರೆ. ನೆಲದ ಗಣಿಗಳ ತೊಂದರೆ ಸುಳ್ಳಲ್ಲ. ಆದರೆ ಸಮುದ್ರದ ಗಣಿ ಶುರುವಾದರೆ ನೆಲದ್ದು ನಿಲ್ಲುತ್ತದೆ ಎನ್ನುವ ಖಾತರಿ ಎಲ್ಲೂ ಇಲ್ಲ, ಎರಡೂ ನಡೆಯಬಹುದು. ಜೊತೆಗೆ ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಗಳಿಗೆ ನಿಕಲ್ಲೂ ಬೇಡ, ಕೋಬಾಲ್ಟೂ ಬೇಡ, ಮತ್ತು ಅವು ಈಗ ವ್ಯಾಪಕವಾಗಿ ಬಳಕೆಯಲ್ಲಿವೆ. ಬ್ಯಾಟರಿ ತಂತ್ರಜ್ಞಾನ ಹತ್ತೇ ವರ್ಷದಲ್ಲಿ ಬದಲಾಗುತ್ತದೆ. ಗಂಟು ಹತ್ತು ಲಕ್ಷ ವರ್ಷವಾದರೂ ಮತ್ತೆ ಬೆಳೆಯುವುದಿಲ್ಲ. ನನ್ನ ಮಟ್ಟಿಗೆ ಈ ವಾದ ನಿಲ್ಲುವುದಿಲ್ಲ.

ಯಾರ ಅಧಿಕಾರ ಎಲ್ಲಿ?

ಗೊಂದಲ ಆಗುವುದು ಇಲ್ಲೇ. ದೇಶವೊಂದರ ತೀರದಿಂದ 200 ನಾಟಿಕಲ್ ಮೈಲಿವರೆಗೆ ಆ ದೇಶದ ವಿಶೇಷ ಆರ್ಥಿಕ ವಲಯ, ಅಲ್ಲಿ ಅದರದೇ ತೀರ್ಮಾನ. ನಾರ್ವೆ ಸಂಸತ್ತು 2024ರ ಜನವರಿಯಲ್ಲಿ ತನ್ನ ಸಮುದ್ರತಳವನ್ನು ಗಣಿಗಾರಿಕೆಗೆ ತೆರೆಯಲು ಒಪ್ಪಿತು, ಅದೇ ವರ್ಷದ ಡಿಸೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಪರವಾನಗಿ ಕೊಡುವುದನ್ನು ತಡೆಹಿಡಿಯಿತು.

ದೇಶಗಳ ವ್ಯಾಪ್ತಿಗೆ ಹೊರಗಿನ ಸಮುದ್ರತಳದ ಕಥೆ ಬೇರೆ. ಅದು ಮನುಕುಲದ ಸಮಾನ ಆಸ್ತಿ ಆಗಬೇಕು ಎಂಬ ವಿಚಾರವನ್ನು 1967ರಲ್ಲಿ ವಿಶ್ವಸಂಸ್ಥೆಯಲ್ಲಿ ಮಂಡಿಸಿದವರು ಮಾಲ್ಟಾದ ಪ್ರತಿನಿಧಿ ಆರ್ವಿಡ್ ಪಾರ್ಡೊ. 1982ರ ಸಮುದ್ರ ಕಾನೂನು ಒಪ್ಪಂದದ 136ನೇ ವಿಧಿಯಲ್ಲಿ ಅದು ಕಾನೂನಾಯಿತು. ಸಮುದ್ರದ ಪರಿಸರವನ್ನು ಕಾಪಾಡಬೇಕು ಎನ್ನುವುದು 145ನೇ ವಿಧಿ. ಒಪ್ಪಂದ 1994ರಲ್ಲಿ ಜಾರಿಗೆ ಬಂದಾಗ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರ ಹುಟ್ಟಿತು. ಗಣಿಗಾರಿಕೆಗೆ ಅನುಮತಿ ಕೊಡುವುದೂ ಅದೇ, ತಳವನ್ನು ಕಾಯುವುದೂ ಅದೇ. ಈವರೆಗೆ ಅದು ಕೊಟ್ಟಿರುವುದು ಶೋಧನೆಯ ಗುತ್ತಿಗೆಗಳನ್ನು ಮಾತ್ರ. ಕ್ಲಾರಿಯನ್-ಕ್ಲಿಪರ್ಟನ್‌ನಲ್ಲಿ 13 ದೊಡ್ಡ ಪ್ರದೇಶಗಳನ್ನು ಗಣಿಗೆ ಕೊಡದೆ ಬದಿಗಿಟ್ಟಿದೆ, ಅದು ಒಳ್ಳೆಯ ಕೆಲಸ.

2021ರ ಜೂನ್‌ನಲ್ಲಿ ನೌರು ದೇಶ ಎರಡು ವರ್ಷದೊಳಗೆ ಗಣಿಗಾರಿಕೆಯ ನಿಯಮ ಮುಗಿಸಿ ಎಂದು ಒಪ್ಪಂದದ ಒಂದು ಕಲಮು ಬಳಸಿ ಒತ್ತಾಯಿಸಿತು. 2023ರ ಜುಲೈಗೆ ಗಡುವು ಮುಗಿಯಿತು, ನಿಯಮಗಳು ಮುಗಿಯಲಿಲ್ಲ. ಇತ್ತ 2022ರಲ್ಲಿ ಪೆಸಿಫಿಕ್ ದ್ವೀಪದೇಶಗಳಾದ ಪಲಾವ್, ಫಿಜಿ, ಸಮೋವಾ ಸೇರಿ ಸದ್ಯಕ್ಕೆ ಗಣಿಗಾರಿಕೆ ಬೇಡ ಎಂಬ ಕೂಟ ಕಟ್ಟಿದವು. ಈಗ 30ಕ್ಕೂ ಹೆಚ್ಚು ದೇಶಗಳು ತಡೆ ಅಥವಾ ನಿಷೇಧದ ಪರ ಇವೆ. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷರು ಪ್ರಾಧಿಕಾರದ ಹಾದಿ ಬಿಟ್ಟು, 1980ರ ತಮ್ಮದೇ ದೇಶದ ಕಾನೂನಿನಡಿ ಅನುಮತಿ ಕೊಡುವ ಕೆಲಸ ಚುರುಕುಗೊಳಿಸಲು ಆದೇಶಿಸಿದರು. ಅಮೆರಿಕ ಸಮುದ್ರ ಕಾನೂನು ಒಪ್ಪಂದಕ್ಕೆ ಸೇರಿಲ್ಲ. ಎಲ್ಲರ ಆಸ್ತಿಯನ್ನು ಒಬ್ಬರ ಕಾನೂನಿನಲ್ಲಿ ಹಂಚಬಹುದೇ ಎನ್ನುವುದು ಈಗಿನ ದೊಡ್ಡ ಜಗಳ.

ಇನ್ನು 2023ರ ಜೂನ್ 19ರಂದು ಅಂಗೀಕಾರವಾದ ತೆರೆದ ಸಮುದ್ರದ ಜೀವವೈವಿಧ್ಯ ಒಪ್ಪಂದ. 60 ದೇಶಗಳ ಅನುಮೋದನೆ 2025ರ ಸೆಪ್ಟೆಂಬರ್‌ನಲ್ಲಿ ಪೂರ್ತಿಯಾಯಿತು, ಜಾರಿಯ ದಿನ 2026ರ ಜನವರಿ 17. ದೇಶಗಳ ವ್ಯಾಪ್ತಿಯಾಚೆ ರಕ್ಷಿತ ಪ್ರದೇಶಗಳನ್ನು ಮಾಡಲು, ಪರಿಸರ ಪರಿಣಾಮ ಅಧ್ಯಯನ ಕೇಳಲು ಇದರಲ್ಲಿ ದಾರಿ ಇದೆ. ಆದರೆ ಇದು ಸಮುದ್ರತಳ ಪ್ರಾಧಿಕಾರದ ಅಥವಾ ಮೀನುಗಾರಿಕೆ ಸಂಸ್ಥೆಗಳ ಅಧಿಕಾರವನ್ನು ಕುಗ್ಗಿಸುವಂತಿಲ್ಲ. ಹೀಗಾಗಿ ಸಾಗರದಡಿಯ ಒಂದೇ ಬೆಟ್ಟದ ಅದಿರಿಗೆ ಒಂದು ಸಂಸ್ಥೆ, ಮೀನಿಗೆ ಇನ್ನೊಂದು, ಜೀವವೈವಿಧ್ಯಕ್ಕೆ ಮತ್ತೊಂದು. ಒಬ್ಬರು ಮುಚ್ಚಿದ ಜಾಗ ಇನ್ನೊಬ್ಬರ ನಕ್ಷೆಯಲ್ಲಿ ತೆರೆದೇ ಇರಬಹುದು. ಯಾವುದೇ ರಕ್ಷಿತ ಪ್ರದೇಶದ ಸುದ್ದಿ ಓದಿದಾಗ ಅಲ್ಲಿ ಟ್ರಾಲ್ ಬಲೆಗೂ ತಡೆ ಇದೆಯೇ, ಗಣಿ ಯಂತ್ರಕ್ಕೂ ತಡೆ ಇದೆಯೇ ಎಂದು ಎರಡನ್ನೂ ಬೇರೆಬೇರೆಯಾಗಿ ಹುಡುಕಿ ನೋಡಿ.