ನಕ್ಷತ್ರಕ್ಕೂ ವಯಸ್ಸಾಗುತ್ತದಾ?

ಪ್ರಶ್ನೆ: "ನಕ್ಷತ್ರಾನೂ ಸಾಯುತ್ತಾ ಅಮ್ಮಾ?" ಎಂದು ಆರು ವರ್ಷದ ಮಗಳು ಕೇಳಿದಳು. ಹೌದು ಅಂದೆ. "ಹೇಗೆ?" ಅಂದಳು. ಅಲ್ಲಿಗೆ ನನ್ನ ಬಂಡವಾಳ ಮುಗಿಯಿತು. ಅವಳಿಗೆ ಹೇಗೆ ಹೇಳಲಿ?

ಉತ್ತರ: ಬಾಯಲ್ಲಿ ಹೇಳುವುದಕ್ಕಿಂತ ಆಕಾಶದಲ್ಲೇ ತೋರಿಸಿ. ಜನವರಿಯಲ್ಲಿ ಒಂದು ದಿನ ಬೇಗ ಊಟ ಮುಗಿಸಿ ಮಹಡಿಗೆ ಹೋಗಿ, ಪೂರ್ವಕ್ಕೆ ನೋಡಿ. ಸಾಲಾಗಿ ಮೂರು ಚುಕ್ಕಿ ಕಾಣುತ್ತವೆ. ಅದು ಬೇಟೆಗಾರನ ಆಕಾರದ ನಕ್ಷತ್ರಪುಂಜದ (ಒರಾಯನ್) ಸೊಂಟದ ಪಟ್ಟಿ. ನಕ್ಷತ್ರದ ಹುಟ್ಟು, ಮುಪ್ಪು ಎರಡೂ ಇವನ ಮೈಮೇಲೇ ಇವೆ.

ಪಟ್ಟಿಯ ಬಲಕ್ಕೆ ಸಣ್ಣ ಚುಕ್ಕಿಗಳ ಒಂದು ಕತ್ತಿ ಇದೆ. ಕತ್ತಿಯ ನಡುವಿನ ಚುಕ್ಕಿ ಒದ್ದೆ ಬೆರಳಲ್ಲಿ ಒರೆಸಿದ ಹಾಗೆ ಮಸುಕು. ಅದು ಬರೀ ಚುಕ್ಕಿಯಲ್ಲ, ಅನಿಲ ಮತ್ತು ದೂಳಿನ ದೊಡ್ಡ ಮೋಡ. ಅಲ್ಲಿ ಈಗಲೂ ನಕ್ಷತ್ರಗಳು ಹುಟ್ಟುತ್ತಿವೆ. ಮೋಡ ತನ್ನ ತೂಕಕ್ಕೆ ತಾನೇ ಕುಸಿದು ಉಂಡೆಗಟ್ಟುತ್ತದೆ. ಒತ್ತಿದಷ್ಟೂ ನಡುಭಾಗ ಬಿಸಿಯಾಗುತ್ತದೆ. ಇದು ಮಕ್ಕಳಿಗೆ ಸುಲಭಕ್ಕೆ ಹತ್ತುವುದಿಲ್ಲ. ಸೈಕಲ್ ಪಂಪ್ ಕೊಟ್ಟು ಇಪ್ಪತ್ತು ಸಲ ಜೋರಾಗಿ ಹೊಡೆಸಿ, ಆಮೇಲೆ ಪಂಪಿನ ತುದಿ ಮುಟ್ಟಿಸಿ. ಬೆಚ್ಚಗಿರುತ್ತದೆ, ಅಲ್ವಾ? ಉಂಡೆಯ ನಡುಭಾಗ ಸುಮಾರು 1 ಕೋಟಿ ಡಿಗ್ರಿಗೆ ಕಾದಾಗ ಹೈಡ್ರೋಜನ್ ಕಣಗಳು ಒಂದಕ್ಕೊಂದು ಬೆಸೆದು ಹೀಲಿಯಂ ಆಗತೊಡಗುತ್ತವೆ. ಶಾಖ ಹೊಮ್ಮುತ್ತದೆ. ನಕ್ಷತ್ರ ಹುಟ್ಟಿತು ಅನ್ನಿ.

ನಮ್ಮ ಸೂರ್ಯನೂ ಹೀಗೇ ಹುಟ್ಟಿದವನು. ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಖರ್ಚು ಮಾಡುತ್ತಾನೆ. ವಯಸ್ಸು 460 ಕೋಟಿ ವರ್ಷ, ಇನ್ನೂ ಸುಮಾರು 500 ಕೋಟಿ ವರ್ಷಕ್ಕೆ ಆಗುವಷ್ಟು ದಾಸ್ತಾನಿದೆ. ಈ ಲೆಕ್ಕವನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಮಗು ರಾತ್ರಿ ನಿದ್ದೆ ಮಾಡುವುದಿಲ್ಲ.

ಈಗ ಪಟ್ಟಿಯ ಎಡಕ್ಕೆ, ಬೇಟೆಗಾರನ ಹೆಗಲಿನ ಕೆಂಪು ಚುಕ್ಕಿ ನೋಡಿ. ಅದು ಆರಿದ್ರಾ. "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ" ಎಂದು ರೈತರು ಕಾಯುವ ಮಳೆಗೆ ಹೆಸರು ಕೊಟ್ಟಿದ್ದು ಇದೇ. (ಆ ಮಳೆಯ ದಿನಗಳಲ್ಲಿ ಸೂರ್ಯ ಇದರ ಹತ್ತಿರವೇ ಇರುತ್ತಾನೆ. ಹಾಗಾಗಿ ಆಗ ಹುಡುಕಿದರೂ ಸಿಗುವುದಿಲ್ಲ.) ಸೂರ್ಯನ ಜಾಗದಲ್ಲಿ ಇದನ್ನಿಟ್ಟರೆ ಭೂಮಿ, ಮಂಗಳ ಎರಡೂ ಇದರ ಹೊಟ್ಟೆಯೊಳಗೆ! ಇಷ್ಟು ದೊಡ್ಡದು ಜಾಸ್ತಿ ದಿನ ಬದುಕಬೇಕಿತ್ತಲ್ವಾ? ಇಲ್ಲ. ಇದರ ಹೊಟ್ಟೆ ದೊಡ್ಡದು, ಹಸಿವು ಅದಕ್ಕಿಂತ ದೊಡ್ಡದು. ಹುಟ್ಟಿ 1 ಕೋಟಿ ವರ್ಷದ ಆಸುಪಾಸಿಗೇ ಮುದಿಯಾಗಿದೆ. 2019ರ ಕೊನೆಗೆ ಇದು ಮಂಕಾದಾಗ ಇನ್ನೇನು ಸಿಡಿಯಿತು ಎಂದು ಎಷ್ಟೋ ಜನ ಕಾದು ಕುಳಿತರು. ಆಮೇಲೆ ನೋಡಿದರೆ, ಅದೇ ಉಗುಳಿದ ದೂಳು ಅದಕ್ಕೇ ಅಡ್ಡ ಬಂದಿತ್ತು.

ದಾಸ್ತಾನು ಮುಗಿದ ಮೇಲೆ ಬರುವ ಸಾವು ಎಲ್ಲಕ್ಕೂ ಒಂದೇ ಥರ ಅಲ್ಲ. ಸೂರ್ಯನಂಥವು ಊದಿ ಕೆಂಪಾಗಿ, ಹೊರಗಿನ ಪದರ ಕಳಚಿಕೊಂಡು, ಭೂಮಿಯಷ್ಟು ದೊಡ್ಡ ಬಿಳಿ ಉಂಡೆಯಾಗಿ ಉಳಿಯುತ್ತವೆ. ಅಡುಗೆ ಮುಗಿದ ಒಲೆಯ ಕೆಂಡದಂತೆ ನಿಧಾನಕ್ಕೆ ಆರುತ್ತವೆ. ಆರಿದ್ರಾದಂಥವು ಸಿಡಿಯುತ್ತವೆ. 1054ರಲ್ಲಿ ಹಾಗೆ ಸಿಡಿದ ಒಂದು ನಕ್ಷತ್ರ 23 ದಿನ ಹಗಲಲ್ಲೂ ಕಾಣುತ್ತಿತ್ತು ಎಂದು ಚೀನಾದವರು ಬರೆದಿಟ್ಟಿದ್ದಾರೆ. ಅದರ ಚೂರುಪಾರು ಇವತ್ತಿಗೂ ವೃಷಭ ರಾಶಿಯಲ್ಲಿ ಹರಡಿಕೊಂಡಿದೆ. ನಡುವೆ ಉಳಿದ ಪುಟ್ಟ ಉಂಡೆ ಬೆಂಗಳೂರಿಗಿಂತ ದೊಡ್ಡದೇನಲ್ಲ, ಆದರೆ ಸೆಕೆಂಡಿಗೆ 30 ಸುತ್ತು ಹೊಡೆಯುತ್ತಿದೆ.

ಇನ್ನು, ರಾತ್ರಿ ಸರ್ರನೆ ಉದುರುತ್ತದಲ್ಲ, ಅದು ನಕ್ಷತ್ರವೇ ಅಲ್ಲ. ಭಾರಿ ವೇಗದಲ್ಲಿ ಗಾಳಿಯೊಳಗೆ ನುಗ್ಗಿ ಉರಿಯುವ ಕಲ್ಲಿನ ಚೂರು, ಎಷ್ಟೋ ಸಲ ಮರಳಿನ ಕಾಳಿನಷ್ಟೇ ಇರುತ್ತದೆ.

"ಆರಿದ್ರಾ ಯಾವಾಗ ಸಿಡಿಯುತ್ತೆ?" ಎಂದು ಮಗಳು ಕೇಳಿಯೇ ಕೇಳುತ್ತಾಳೆ. ನಾಳೆಯೇ ಆಗಬಹುದು, ಸಾವಿರಾರು ವರ್ಷ ಬಿಟ್ಟೂ ಆಗಬಹುದು. ಅದರ ಬೆಳಕು ಇಲ್ಲಿಗೆ ಬರಲು 500 ವರ್ಷಕ್ಕೂ ಜಾಸ್ತಿ ಬೇಕು. ನೀವಿಬ್ಬರೂ ನೋಡುವುದು ಹೆಚ್ಚುಕಡಿಮೆ ವಿಜಯನಗರದ ಕಾಲದಲ್ಲಿ ಹೊರಟ ಬೆಳಕನ್ನು. ಸಿಡಿದ ದಿನ ಇಲ್ಲಿ ನಮಗೇನೂ ಆಗುವುದಿಲ್ಲ. ಸುಮ್ನೆ ಮಧ್ಯಾಹ್ನವೂ ಒಂದು ನಕ್ಷತ್ರ ಕಾಣುತ್ತದೆ, ಅಷ್ಟೇ.