ಮೂವತ್ತೆರಡರಲ್ಲಿ ಒಂದು ಬಿಟ್ ಕಡಿಮೆ

1964ರ ಏಪ್ರಿಲ್ 7ರಂದು ಐಬಿಎಂ ಸಂಸ್ಥೆಯು ಸಿಸ್ಟಂ/360 ಎಂಬ ಕಂಪ್ಯೂಟರ್ ಸರಣಿಯನ್ನು ಪ್ರಕಟಿಸಿದಾಗ ಗ್ರಾಹಕರಿಗೆ ಒಂದು ಭರವಸೆಯನ್ನೂ ಕೊಟ್ಟಿತು: ಸರಣಿಯ ಚಿಕ್ಕ ಯಂತ್ರಕ್ಕೆ ಬರೆದ ಪ್ರೋಗ್ರಾಂ ದೊಡ್ಡ ಯಂತ್ರದಲ್ಲಿಯೂ ನಡೆಯುತ್ತದೆ, ಪುನಃ ಬರೆಸಬೇಕಾಗಿಲ್ಲ. ಅದಕ್ಕಾಗಿ ಫ್ರೆಡ್ ಬ್ರೂಕ್ಸ್ ಅವರ ನೇತೃತ್ವದಲ್ಲಿ ಆರಂಭವಾದ ಓಎಸ್/360 ಎಂಬ ಆಪರೇಟಿಂಗ್ ಸಿಸ್ಟಂ ಸುಮಾರು 5,000 ಮಾನವ-ವರ್ಷಗಳ ದುಡಿಮೆಯನ್ನು ನುಂಗಿತು, ತಡವಾಗಿಯೂ ಬಂತು. ಆದರೂ ಅದರ ವಂಶ ಅಳಿಯಲಿಲ್ಲ. 1974ರ ಎಂವಿಎಸ್ ಮತ್ತು ಅದರ ನಂತರದ ಹಲವು ರೂಪಗಳನ್ನು ದಾಟಿ, 2000ದಲ್ಲಿ ಪ್ರಕಟವಾದ ಝಡ್/ಓಎಸ್ ಹೆಸರಿನಲ್ಲಿ ಅದು ಇಂದಿಗೂ ದೊಡ್ಡ ಬ್ಯಾಂಕುಗಳ, ವಿಮಾ ಕಂಪನಿಗಳ ಲೆಕ್ಕಪತ್ರವನ್ನು ನಡೆಸುತ್ತಿದೆ.

ಇಷ್ಟು ದೀರ್ಘ ಬಾಳಿಕೆಗೆ ಯಂತ್ರದ ವೇಗ ಕಾರಣವಲ್ಲ. ಹಳೆಯ ಪ್ರೋಗ್ರಾಂಗಳನ್ನು ಕೈಬಿಡಬಾರದೆಂಬ ಹಟವೇ ಕಾರಣ ಎಂದು ನನಗೆ ತೋರುತ್ತದೆ. ಆ ಹಟ ಎಷ್ಟು ಸೂಕ್ಷ್ಮವಾದ ವಿವರಗಳವರೆಗೆ ಇಳಿಯುತ್ತದೆ ಎಂಬುದನ್ನು ಮೆಮೊರಿ ವಿಳಾಸಗಳ, ಎಂದರೆ ಮೆಮೊರಿಯ ಒಂದೊಂದು ಜಾಗವನ್ನೂ ಗುರುತಿಸುವ ಸಂಖ್ಯೆಗಳ, ಇತಿಹಾಸದಲ್ಲಿ ಕಾಣಬಹುದು.

ಸಿಸ್ಟಂ/360ರಲ್ಲಿ ವಿಳಾಸವನ್ನು ಇಡುವ ಜಾಗದ ಅಗಲ 32 ಬಿಟ್ (ಒಂದು ಬಿಟ್ ಎಂದರೆ 0 ಅಥವಾ 1 ಎಂಬ ಒಂದು ಅಂಕಿ). ವಿಳಾಸಕ್ಕೆ ಬಳಕೆಯಾಗುತ್ತಿದ್ದುದು ಮಾತ್ರ 24 ಬಿಟ್. ಅಷ್ಟರಿಂದ 16 ಎಂಬಿ ಮೆಮೊರಿಯನ್ನು ಗುರುತಿಸಬಹುದಿತ್ತು, ಆ ಕಾಲಕ್ಕೆ ಅದು ಧಾರಾಳವೇ ಆಗಿತ್ತು. ಯಂತ್ರವು ಮೇಲಿನ 8 ಬಿಟ್‌ಗಳತ್ತ ಕಣ್ಣು ಹಾಯಿಸುತ್ತಿರಲಿಲ್ಲ. ಮೆಮೊರಿ ದುಬಾರಿಯಾಗಿದ್ದ ದಿನಗಳಲ್ಲಿ ಎಂಟು ಬಿಟ್‌ಗಳ ಒಂದು ಬೈಟ್ ಖಾಲಿ ಬಿದ್ದಿರುವುದನ್ನು ಯಾವ ಪ್ರೋಗ್ರಾಮರ್ ತಾನೇ ಸಹಿಸಿಯಾನು? ಅಲ್ಲಿ ಅವರು ತಮಗೆ ಬೇಕಾದ ಗುರುತುಗಳನ್ನು ಇಟ್ಟುಕೊಂಡರು. ಆಪರೇಟಿಂಗ್ ಸಿಸ್ಟಂ ಕೂಡ ಇದಕ್ಕೆ ಹೊರತಾಗಿರಲಿಲ್ಲ: ಒಂದು ಪ್ರೋಗ್ರಾಂ ಇನ್ನೊಂದಕ್ಕೆ ವಿಳಾಸಗಳ ಪಟ್ಟಿಯನ್ನು ಕಳುಹಿಸುವಾಗ, ಕೊನೆಯ ವಿಳಾಸದ ಮೊದಲ ಬಿಟ್ಟನ್ನು 1 ಮಾಡಿ ಪಟ್ಟಿ ಅಲ್ಲಿಗೆ ಮುಗಿಯಿತೆಂದು ಸೂಚಿಸುವ ಪದ್ಧತಿ ಬೇರೂರಿತು.

ಎಂವಿಎಸ್ ಪ್ರತಿಯೊಂದು ಕೆಲಸಕ್ಕೂ ತನ್ನದೇ ಆದ 16 ಎಂಬಿ ವಿಳಾಸ ಪ್ರದೇಶವನ್ನು ಕೊಟ್ಟಿತಾದರೂ, ಅದರಲ್ಲಿ ಸಾಕಷ್ಟು ಪಾಲನ್ನು ವ್ಯವಸ್ಥೆಯೇ ತೆಗೆದುಕೊಳ್ಳುತ್ತಿದ್ದುದರಿಂದ ಕೆಲವೇ ವರ್ಷಗಳಲ್ಲಿ ಇಕ್ಕಟ್ಟು ಕಾಣಿಸಿಕೊಂಡಿತು. 1983ರಲ್ಲಿ ಬಳಕೆಗೆ ಬಂದ ಎಂವಿಎಸ್/ಎಕ್ಸ್‌ಎ ವಿಳಾಸವನ್ನು ಹಿಗ್ಗಿಸಿತು. ಉಳಿದ ಜಗತ್ತು ಸಹಜವಾಗಿ 32ಕ್ಕೆ ಹೋದರೆ ಇಲ್ಲಿ 31ಕ್ಕೇ ನಿಂತರು, ಏಕೆಂದರೆ ಆ ಮೊದಲ ಬಿಟ್ ಆಗಲೇ ಬೇರೆಯವರ ಸ್ವಾಧೀನದಲ್ಲಿತ್ತು. ಪ್ರೋಗ್ರಾಂ 24 ಬಿಟ್ ವಿಧಾನದಲ್ಲಿ ನಡೆಯಬೇಕೇ 31 ಬಿಟ್ ವಿಧಾನದಲ್ಲಿ ನಡೆಯಬೇಕೇ ಎಂಬುದನ್ನು ತಿಳಿಸುವ ಹೊಣೆಯೂ ಅದೇ ಬಿಟ್ಟಿನ ಪಾಲಿಗೆ ಬಂತು. ಮೇಲಿನ ಬೈಟಿನಲ್ಲಿ ಗುರುತುಗಳನ್ನು ಇಟ್ಟಿದ್ದ ಹಳೆಯ ಪ್ರೋಗ್ರಾಂಗಳು 24 ಬಿಟ್ ವಿಧಾನದಲ್ಲಿ, 16 ಎಂಬಿ ಗೆರೆಯ ಕೆಳಗೆ, ತಮ್ಮ ಪಾಡಿಗೆ ತಾವು ಮುಂದುವರಿದವು. ಮುಂದೆ 64 ಬಿಟ್ ವಿಳಾಸ ಬಂದಾಗಲೂ ಇದೇ ಎಚ್ಚರಿಕೆ: ಆ ಬಿಟ್ ಹೊತ್ತ ಹಳೆಯ ವಿಳಾಸವನ್ನು ತಪ್ಪಾಗಿ ಓದಿದರೆ ಅದು 2 ಮತ್ತು 4 ಜಿಬಿಗಳ ನಡುವೆ ಬೀಳುತ್ತದೆಂದು, ಆ ಭಾಗವನ್ನು ಸಾಮಾನ್ಯ ಬಳಕೆಗೆ ಕೊಡದೆ ಬಿಟ್ಟರು.

ಹಳೆಯದು, ಹೊಸದು, ಸರಿಯಾದದ್ದು, ಕೆಟ್ಟದ್ದು ಎಲ್ಲವೂ ಒಂದೇ ಯಂತ್ರದಲ್ಲಿ ಇರುವಾಗ ಒಂದರ ತಪ್ಪು ಇನ್ನೊಂದಕ್ಕೆ ತಗುಲಬಾರದು. ಇದಕ್ಕಾಗಿ ಮೆಮೊರಿಯ ಪ್ರತಿ 4 ಕೆಬಿ ತುಂಡಿಗೂ 4 ಬಿಟ್‌ಗಳ ಒಂದು ಕೀಲಿ ಸಂಖ್ಯೆ ಇದೆ. ನಡೆಯುತ್ತಿರುವ ಪ್ರೋಗ್ರಾಂಗೂ ಒಂದು ಕೀಲಿ ಇರುತ್ತದೆ. ಸೊನ್ನೆ ಕೀಲಿ ಆಪರೇಟಿಂಗ್ ಸಿಸ್ಟಂನ ತಿರುಳಿನದು. ಸಾಮಾನ್ಯ ಪ್ರೋಗ್ರಾಂಗಳದು 8. ಎಂಟರ ಕೀಲಿ ಹಿಡಿದ ಪ್ರೋಗ್ರಾಂ ಸೊನ್ನೆಯ ತುಂಡಿನಲ್ಲಿ ಬರೆಯಲು ಹೋದರೆ ಹಾರ್ಡ್‌ವೇರ್ ತಕ್ಷಣ ತಡೆಯುತ್ತದೆ, ಪ್ರೋಗ್ರಾಂ ಬೇರೆ ಏರ್ಪಾಡು ಮಾಡಿಕೊಂಡಿರದಿದ್ದರೆ ಆ ಒಂದು ಜಾಬ್ (ಯಂತ್ರಕ್ಕೆ ಒಪ್ಪಿಸಿದ ಕೆಲಸ) ಎಸ್0ಸಿ4 ಎಂಬ ಸಂಕೇತದೊಂದಿಗೆ ಅಬೆಂಡ್ ಆಗುತ್ತದೆ, ಎಂದರೆ ಅರ್ಧಕ್ಕೇ ನಿಂತುಹೋಗುತ್ತದೆ, ಪಕ್ಕದ ಜಾಬ್‌ಗಳು ಎಂದಿನಂತೆ ನಡೆಯುತ್ತಿರುತ್ತವೆ.

ಆದರೆ ತರ್ಕದ ದೋಷವನ್ನು ಯಾವ ಕೀಲಿಯೂ ತಡೆಯದು. ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿಟ್ಟ, ಕೋಬಾಲ್ ಎಂಬ ಹಳೆಯ ಭಾಷೆಯ ಪ್ರೋಗ್ರಾಂಗಳನ್ನೂ ಈ ವ್ಯವಸ್ಥೆ ಅಷ್ಟೇ ನಿಷ್ಠೆಯಿಂದ ದಶಕಗಳ ಕಾಲ ಕಾಪಾಡಿತು. 00 ಎಂಬುದು 99ಕ್ಕಿಂತ ಚಿಕ್ಕದೆಂದು ಲೆಕ್ಕ ಹಾಕುವ ದಿನ ಹತ್ತಿರವಾದಾಗ ಅವುಗಳನ್ನು ಸಾಲು ಸಾಲಾಗಿ ಓದಿ ತಿದ್ದಬೇಕಾಯಿತು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಈ ವೈ2ಕೆ (2000ನೆಯ ಇಸವಿಯ) ದುರಸ್ತಿಯಿಂದ ಸಾಕಷ್ಟು ಕೆಲಸ ದೊರೆಯಿತು. ತಾನು ಹುಟ್ಟುವ ಮೊದಲು ಬರೆದ ಪ್ರೋಗ್ರಾಂನ್ನು ತಿದ್ದುವ ಅನುಭವ ನಮ್ಮ ಊರಿನ ಎಷ್ಟೋ ಎಂಜಿನಿಯರ್‌ಗಳಿಗೆ ಹೊಸದಲ್ಲ.

ಅವರು ಜಾಬ್ ಒಪ್ಪಿಸಲು ಬರೆಯುವ ಜೆಸಿಎಲ್ ಭಾಷೆಯೂ 1960ರ ದಶಕದ್ದೇ. ಅದರ ಪ್ರತಿ ಸಾಲಿಗೂ 80 ಅಕ್ಷರಗಳ ಮಿತಿ, ಏಕೆಂದರೆ ರಂಧ್ರ ಕೊರೆಯುವ ಕಾರ್ಡಿನಲ್ಲಿ ಇದ್ದುದು 80 ಕಂಬಸಾಲುಗಳು. ಆದೇಶವನ್ನು 71ನೆಯ ಕಂಬಸಾಲಿನೊಳಗೆ ಮುಗಿಸಬೇಕು. ಕೊನೆಯ ಎಂಟನ್ನು ಕಾರ್ಡಿನ ಕ್ರಮಸಂಖ್ಯೆಗೆಂದು ಮೀಸಲಿಟ್ಟಿದ್ದರು, ಕಾರ್ಡಿನ ಕಟ್ಟು ಕೈಜಾರಿ ಬಿದ್ದರೆ ಮತ್ತೆ ಸರಿಯಾಗಿ ಜೋಡಿಸಲು ಅದು ಬೇಕಾಗುತ್ತಿತ್ತು. ಈಗ ಕಾರ್ಡುಗಳಿಲ್ಲ, ಆದರೂ ಝಡ್/ಓಎಸ್ ಆ ಎಂಟು ಕಂಬಸಾಲುಗಳಲ್ಲಿ ಬರೆದುದನ್ನು ಆದೇಶವೆಂದು ಓದುವುದಿಲ್ಲ.